ಮೊದಲು ಪೆನ್‌ಡ್ರೈವ್, ಆಮೇಲೆ ಲ್ಯಾಪ್‌ಟಾಪ್

ಮಕ್ಕಳಿಗೆಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ನೇರವಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಚೌಕಾಸಿ ಮಾಡಿ, ಯಂತ್ರ ಮನೆಗೆ ಬಂದ ಮೇಲೆ ವಿಂಡೋಸ್ ಬದಲು ಬಳಸುವ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಹಾಕುವ ಯೋಚನೆ ಮಾಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿ. ಲಿನಕ್ಸನ್ನು ಸ್ಥಾಪಿಸದೆಯೇ ಪೆನ್‌ಡ್ರೈವ್‌ನಿಂದ ಓಡಿಸಬಹುದು. ಅಂದರೆ ದುಡ್ಡು ಕೊಡುವ ಮೊದಲೇ, ಅಂಗಡಿಯಲ್ಲಿಯೇ ಪರೀಕ್ಷೆ ಮುಗಿಸಬಹುದು.

ಮನೆಯಲ್ಲಿ ಮಾಡಬೇಕಾದದ್ದು: ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ಜಾಲತಾಣದಿಂದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಇಳಿಸಿಕೊಳ್ಳಿ. ಹಳೆಯ ಯಂತ್ರಕ್ಕೆ ಇದು ಹಗುರ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳಿವೆ. ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶ ಬಳಸಿ ಅದನ್ನು 8 ಜಿಬಿಯ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆಯ ಫೋಟೊಗಳಿದ್ದರೆ ಮೊದಲು ಬೇರೆಡೆ ಇಡಿ.

ಇನ್ನು ಅಂಗಡಿ. ನಮ್ಮ ಊರಿನ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್‌ಗಳನ್ನು ಕೇಳಿ. ಥಳಥಳಿಸುವ ಅಗ್ಗದ ಮಾದರಿಗಳಿಗಿಂತ ಇವು ಗಟ್ಟಿ, ಬಿಡಿಭಾಗಗಳೂ ಸಿಗುತ್ತವೆ. 4 ಜಿಬಿ ರ್‍ಯಾಮ್‌ನಲ್ಲಿ ಕೆಲಸ ನಡೆಯುತ್ತದೆ, ಆದರೆ ಬ್ರೌಸರ್‌ನ ಹಸಿವಿಗೆ 8 ಇದ್ದರೆ ನೆಮ್ಮದಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡಿಸ್ಕ್) ಇರಲೇಬೇಕು, ಇದರಲ್ಲಿ ರಾಜಿ ಬೇಡ.

ಪೆನ್‌ಡ್ರೈವ್ ಸಿಕ್ಕಿಸಿ, ಯಂತ್ರ ಆನ್ ಮಾಡಿದ ಕೂಡಲೇ ಡೆಲ್ ಮತ್ತು ಥಿಂಕ್‌ಪ್ಯಾಡ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿ ಒತ್ತುತ್ತಿರಿ, ಮೂಡುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆದುಕೊಳ್ಳುತ್ತದೆ. ವಿಂಡೋಸ್‌ಗೂ ಮೊದಲೇ ಓಡುವ ಬಯೋಸ್ ಎಂಬ ಮೂಲ ತಂತ್ರಾಂಶದ ಸೆಟಿಂಗ್‌ಗೂ ಒಮ್ಮೆ ಹೋಗಿ ನೋಡಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಆ ಲ್ಯಾಪ್‌ಟಾಪ್ ಬೇಡ. ‘ಆಮೇಲೆ ತೆಗೆದುಕೊಡುತ್ತೇವೆ ಸಾರ್’ ಎಂಬ ಮಾತಿಗೆ ಬಲಿಯಾಗಬೇಡಿ. ಮಿಂಟ್ ತೆರೆದುಕೊಂಡ ಮೇಲೆ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ವೈಫೈ ಜೋಡಿಸಿ, ಒಂದು ವಿಡಿಯೊ ಹಾಕಿ ಧ್ವನಿ ಕೇಳಿ, ಕ್ಯಾಮೆರಾ ನೋಡಿ, ಕೀಲಿಮಣೆಯ ಒಂದೊಂದೇ ಕೀಲಿ ಒತ್ತಿ. ಚಾರ್ಜರ್ ಕಿತ್ತು ಹತ್ತು ನಿಮಿಷ ಓಡಿಸಿ, ಬ್ಯಾಟರಿ ಎಷ್ಟು ಇಳಿಯಿತೆಂದು ಗಮನಿಸಿ. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಸೀರಿಯಲ್ ನಂಬರ್ ಬರೆದ ಬಿಲ್ ಪಡೆಯಿರಿ.

ಸ್ಥಾಪನೆ ಇಷ್ಟರ ಮುಂದೆ ಸುಲಭ. ಮನೆಯಲ್ಲಿ ಮತ್ತೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ತೆರೆದು, ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್’ ಚಿಹ್ನೆ ಒತ್ತಿ, ಹಾಡು-ವಿಡಿಯೊ ಓಡಲು ಬೇಕಾದ ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಟಿಕ್ ಹಾಕಿ, ‘ಡಿಸ್ಕ್ ಅಳಿಸಿ ಸ್ಥಾಪಿಸು’ ಎಂಬುದನ್ನು ಆರಿಸಿ. ಹಳೆಯ ವಿಂಡೋಸ್ ಪೂರ್ತಿ ಹೋಗುತ್ತದೆ. ಮಗುವಿನ ಶಾಲೆ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶ ಬಳಸುತ್ತಿದೆಯೇ ಎಂದು ಮೊದಲೇ ವಿಚಾರಿಸಿರಬೇಕು. ಸಮಯ ವಲಯ ಕೋಲ್ಕತ್ತ. ಈ ಹಂತದಲ್ಲಿ ಕೇಳುವ ಹೆಸರು, ಪಾಸ್‌ವರ್ಡ್ ಎರಡೂ ನಿಮ್ಮವಾಗಿರಲಿ, ಮಗುವಿನದಲ್ಲ.

ಮಗುವಿಗೆ ‘ಯೂಸರ್ಸ್ ಅಂಡ್ ಗ್ರೂಪ್ಸ್’ನಲ್ಲಿ ಪ್ರತ್ಯೇಕ ಖಾತೆ ತೆರೆಯಿರಿ, ಅದು ಯಂತ್ರದ ಸೆಟಿಂಗ್ ಬದಲಿಸುವ ಅಧಿಕಾರವಿಲ್ಲದ ‘ಸ್ಟ್ಯಾಂಡರ್ಡ್’ ಖಾತೆಯಾಗಿರಲಿ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಜಿಕಾಂಪ್ರಿ ಎಂಬ ಕಲಿಕಾ ತಂತ್ರಾಂಶ ಸಿಗುತ್ತದೆ. ಎರಡರಿಂದ ಹತ್ತು ವರ್ಷದವರಿಗೆ ಲೆಕ್ಕ, ಅಕ್ಷರ, ಆಟ ಎಲ್ಲವೂ ಅದರಲ್ಲಿವೆ. ಚಿತ್ರ ಬಿಡಿಸಲು ಟಕ್ಸ್ ಪೇಂಟ್ ಇದೆ. ಕನ್ನಡ ಬರೆಯಲು ಕೀಬೋರ್ಡ್ ಸೆಟಿಂಗ್‌ನಲ್ಲಿ ಕಗಪ ಎಂಬ ಕೀಲಿ ವಿನ್ಯಾಸ ಸೇರಿಸಿ.

ಅಶ್ಲೀಲ ತಾಣಗಳನ್ನು ತಡೆಯಲು ಲ್ಯಾಪ್‌ಟಾಪ್‌ನಲ್ಲಿ ಒದ್ದಾಡುವುದಕ್ಕಿಂತ ಮನೆಯ ರೂಟರ್‌ನಲ್ಲಿಯೇ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸವನ್ನು ಕ್ಲೌಡ್‌ಫ್ಲೇರ್ ಕಂಪನಿಯ 1.1.1.3ಕ್ಕೆ ಬದಲಿಸಿ, ಅದು ಅಂಥ ತಾಣಗಳನ್ನು ತೆರೆಯಗೊಡುವುದಿಲ್ಲ. ಆ ವೈಫೈ ಬಳಸುವ ಮೊಬೈಲ್‌ಗಳಿಗೂ ಅದೇ ಕಾವಲು ಸಿಗುತ್ತದೆ. ದಿನಕ್ಕೆ ಇಷ್ಟೇ ಹೊತ್ತು ಎಂಬ ಮಿತಿ ಬೇಕಿದ್ದರೆ ಟೈಮ್‌ಕೀಪರ್ ನೆಕ್ಸ್ಟ್ ಎಂಬ ತಂತ್ರಾಂಶವಿದೆ. ಅವಧಿಯನ್ನು ಮಗುವಿನೊಂದಿಗೆ ಮಾತಾಡಿಯೇ ಗೊತ್ತುಮಾಡಿ, ಇಲ್ಲವಾದರೆ ನಿಮ್ಮ ಪಾಸ್‌ವರ್ಡ್ ಊಹಿಸುವುದೇ ಅದರ ಮೊದಲ ಆಟವಾದೀತು.