ನಾಲ್ಕು ಸಾಲಿನ ಕವಿತೆಯನ್ನು ಬಿಚ್ಚಿ ನೋಡುವುದು ಹೇಗೆ?

ಚುಟುಕ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಅಂಕೋಲೆಯ ದಿನಕರ ದೇಸಾಯಿ (1909–1982). ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ, ಬರೆದೇ ಚುಟುಕ ಬ್ರಹ್ಮ ಅನ್ನಿಸಿಕೊಂಡವರು. ಅವರದ್ದನ್ನು ಕೊಯ್ದು ನೋಡುವ ಧೈರ್ಯ ನನಗಿಲ್ಲ, ಹಾಗಾಗಿ ನನ್ನದೇ ಒಂದನ್ನು ಮೆಟ್ಟುಗತ್ತಿಗೆ ಕೊಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಮೀನಿನ ದರ ಕೇಳುವ ಹಾಗಿರುವುದಿಲ್ಲ. ಅಂಥ ಒಂದು ದಿನ ಕಾರವಾರದ ಮೀನು ಪೇಟೆಯಿಂದ ಖಾಲಿ ಚೀಲ ಹಿಡಿದು ಬಂದು ಬರೆದದ್ದು:

ಬುಟ್ಟಿಯಲಿ ಬಂಗಡೆಯು ಮಿನುಗಿತ್ತು
ಬೆಕ್ಕೊಂದು ದೂರದಲಿ ಕುಳಿತಿತ್ತು
ದರ ಕೇಳಿ ಕಿಸೆ ಮುಟ್ಟಿ ಹಿಂಜರಿದೆ
ಬೆಕ್ಕಿನಾ ಪಕ್ಕಕ್ಕೆ ನಾ ಸರಿದೆ

ಮೊದಲೇ ಅರ್ಥಕ್ಕೆ ಹೋಗಬೇಡಿ. ಪೆನ್ಸಿಲ್ ಹಿಡಿದು ಮಾತ್ರೆ ಎಣಿಸಿ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಲಘು 1, ಗುರು 2. ದೀರ್ಘ ಅಕ್ಷರ ಗುರು, ಅನುಸ್ವಾರ ಇದ್ದರೂ ಗುರು, ಮುಂದೆ ಒತ್ತಕ್ಷರ ಬಂದರೆ ಅದರ ಹಿಂದಿನದೂ ಗುರು. ‘ಬುಟ್ಟಿಯಲಿ’ 2+1+1+1, ಒಟ್ಟು 5. ‘ಬಂಗಡೆಯು’ 5, ‘ಮಿನುಗಿತ್ತು’ 5. ಎಲ್ಲ ಸಾಲಿನಲ್ಲೂ ಹೀಗೇ ಐದೈದರ ಮೂರು ಗಣ, ಅಂದರೆ ಮಾತ್ರೆಗಳ ಗುಂಪು. ಗಣಕ್ಕೆ ಒಂದೇ ಪದ ಇರಬೇಕೆಂದಿಲ್ಲ, ‘ದರ ಕೇಳಿ’ ಎರಡು ಪದ ಸೇರಿ ಒಂದು ಗಣ. ಇನ್ನು ‘ಬೆಕ್ಕಿನಾ’ ನೋಡಿ. ಮಾತಿನಲ್ಲಿ ನಾವು ಹೇಳುವುದು ‘ಬೆಕ್ಕಿನ’ ಅಲ್ವಾ? ಅದು 4 ಮಾತ್ರೆ. ಒಂದು ಕಡಿಮೆ ಬಿತ್ತು ಅಂತ ಎಳೆದಿದ್ದೇನೆ. ಹಳೆಯ ಉಪಾಯ, ಆದರೂ ಸ್ವಲ್ಪ ಮೋಸವೇ.

ಆಮೇಲೆ ಪ್ರಾಸ. ಮಿನುಗಿತ್ತು, ಕುಳಿತಿತ್ತು ಸುಲಭದ್ದು. ‘ಇತ್ತು’ ಹಚ್ಚಿದರೆ ಯಾವುದಕ್ಕೆ ಯಾವುದೂ ಪ್ರಾಸವೇ. ಹಿಂಜರಿದೆ, ನಾ ಸರಿದೆ ಅದಕ್ಕಿಂತ ಮೇಲು: ಮೊದಲು ಮನಸ್ಸು ಹಿಂದೆ ಹೋಯಿತು, ಆಮೇಲೆ ಕಾಲು. ಆದಿಪ್ರಾಸಕ್ಕೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಹೊಂದಬೇಕು. ಇಲ್ಲಿ 2 ಮತ್ತು 4ನೇ ಸಾಲಿನಲ್ಲಷ್ಟೇ ‘ಕ್ಕ’ ಹೊಂದಿದೆ, ಅದೂ ಬೆಕ್ಕಿನ ದಯೆ.

ಈಗ ತಿರುವು ಎಲ್ಲಿದೆ ಹುಡುಕಿ. ಮೊದಲೆರಡು ಸಾಲು ಬರೀ ನೋಟ. ಮೂರನೆಯದರಲ್ಲಿ ಗಿರಾಕಿ ಬಂದ, ಆದರೆ ‘ನಾ’ ಅನ್ನುವ ಪದ ಕೊನೆಯ ಗಣದವರೆಗೂ ಬಾಯಿ ಬಿಡುವುದಿಲ್ಲ. ‘ದೂರದಲಿ’ ಇದ್ದ ಬೆಕ್ಕಿನ ‘ಪಕ್ಕಕ್ಕೆ’ ಕೊನೆಗೆ ಅವನೇ ಹೋಗಿ ನಿಂತ. ಆ ಎರಡು ಪದಗಳು ತಮ್ಮ ತಮ್ಮ ಸಾಲಿನ ನಡುವಿನ ಗಣದಲ್ಲಿ, ಸರಿಯಾಗಿ ಒಂದೇ ಜಾಗದಲ್ಲಿ ಕೂತಿವೆ. ಅವೆರಡಕ್ಕೂ ಗೆರೆ ಎಳೆಯಿರಿ.

ಇನ್ನೂ ಅನುಮಾನ ಇದ್ದರೆ 3 ಮತ್ತು 4ನೇ ಸಾಲನ್ನು ಅದಲು ಬದಲು ಮಾಡಿ ಗಟ್ಟಿಯಾಗಿ ಓದಿ. ಮಾತ್ರೆ ಸರಿ ಇರುತ್ತದೆ, ಪ್ರಾಸವೂ ಸರಿ ಇರುತ್ತದೆ, ನಗು ಮಾತ್ರ ಬರುವುದಿಲ್ಲ.