ನೂರು ವ್ಯಾಟ್‌ನ ಮಡಚುವ ಫಲಕ ಮೂವತ್ತನ್ನೇ ಕೊಡುತ್ತಿದ್ದುದೇಕೆ?

ವಿಜಯಪುರ ಜಿಲ್ಲೆಯ ತಿಕೋಟಾ ಬಳಿಯ ನಮ್ಮ ತೋಟದಲ್ಲಿ, ಫೆಬ್ರವರಿಯಲ್ಲಿ ಒಣದ್ರಾಕ್ಷಿ ಶೆಡ್ಡಿನ ರಾತ್ರಿ ಕಾವಲಿಗೆ ದೀಪ ಬೇಕೆಂದು 100 ವ್ಯಾಟ್‌ನ ಮಡಚುವ ಸೌರ ಫಲಕವನ್ನೂ ಬ್ಯಾಟರಿ ಪೆಟ್ಟಿಗೆಯನ್ನೂ ತಂದೆ. ನೆತ್ತಿ ಸುಡುವ ಬಿಸಿಲಿದ್ದರೂ ಪೆಟ್ಟಿಗೆಯ ಪರದೆಯಲ್ಲಿ 30 ವ್ಯಾಟ್ ದಾಟಲಿಲ್ಲ. ಮಾಲೇ ಕೆಟ್ಟದ್ದೆಂದು ಅಂಗಡಿಗೆ ಮರಳಿಸಲು ಹೊರಟಿದ್ದೆ.

ತಪ್ಪು ನನ್ನದೇ ಆಗಿತ್ತು. ಶೆಡ್ಡಿನ ಕಂಬದ ನೆರಳು ಫಲಕದ ಒಂದು ಮಡಿಕೆಯ ಮೇಲೆ ಬೀಳುತ್ತಿತ್ತು. ಫಲಕದಲ್ಲಿ ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ಕಾಲುವೆಗೆ ಅಡ್ಡಲಾಗಿ ಕಲ್ಲು ಬಿದ್ದಂತೆ, ಅಂಗೈಯಗಲದ ನೆರಳೂ ಉಳಿದವುಗಳ ಪ್ರವಾಹವನ್ನು ತಡೆಯುತ್ತದೆ. ಸಾಲದೆಂಬಂತೆ ಫಲಕವನ್ನು ಕಾದ ನೆಲದ ಮೇಲೆಯೇ ಹಾಸಿದ್ದೆ. 100 ಎಂಬ ಅಂಕಿ ಸೆಲ್ 25 ಡಿಗ್ರಿ ಸೆಲ್ಸಿಯಸ್ ಇರುವಾಗಿನದು. ಅದರ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಶಕ್ತಿ ಕುಗ್ಗುತ್ತದೆ. ನಮ್ಮ ಬಿಸಿಲಿನಲ್ಲಿ ಇದು ಸಣ್ಣ ಲೆಕ್ಕವಲ್ಲ.

ಫಲಕವನ್ನು ಬಯಲಿಗೆ ಒಯ್ದು, ದಕ್ಷಿಣಕ್ಕೆ ಮುಖ ಮಾಡಿ, ಕೆಳಗೆ ಗಾಳಿಯಾಡುವಂತೆ ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸಿದಾಗ ಪರದೆಯಲ್ಲಿ 72 ಕಾಣಿಸಿತು. ಕೊಳ್ಳುವವರು ವ್ಯಾಟ್ ಒಂದನ್ನೇ ನೋಡದೆ, ಫಲಕದ ತೆರೆದ ಸರ್ಕ್ಯೂಟ್ ವೋಲ್ಟೇಜು (ಫಲಕಕ್ಕೆ ಏನನ್ನೂ ಜೋಡಿಸದಿರುವಾಗ ಇರುವ ವೋಲ್ಟೇಜು) ಪೆಟ್ಟಿಗೆ ತಾಳುವ ಗರಿಷ್ಠ ಮಿತಿಗಿಂತ ಕಡಿಮೆಯಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಪೆಟ್ಟಿಗೆಯನ್ನು ಮಾತ್ರ ಶೆಡ್ಡಿನ ನೆರಳಿನಲ್ಲೇ ಇಟ್ಟಿದ್ದೇನೆ.