ಸ್ಕಾಟ್ಲೆಂಡಿಗೆ ಹೊಸದಾಗಿ ಬಂದಿದ್ದೀರಾ? ಮಾಂಟಿ ಯಾರು ಅಂತ ತಿಳ್ಕೊಳ್ಳಿ

ಗ್ಲಾಸ್ಗೋ, ಎಡಿನ್‌ಬರೋ, ಅಬರ್ಡೀನ್, ಎಲ್ಲೇ ಮನೆ ಮಾಡಿ, ಗಾಲ್ಫ್ ಮಾತು ಬಂದೇ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಗಾಲ್ಫ್ ಅಂದ್ರೆ ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿ ಬೇಲಿಯಾಚೆ ಕಂಡ ದುಡ್ಡಿದ್ದವರ ಆಟ. ಇಲ್ಲಿ ಹಾಗಲ್ಲ. ಬಸ್ ಓಡಿಸುವವರೂ ಆಡುತ್ತಾರೆ, ರಿಟೈರಾದ ಮೇಷ್ಟ್ರೂ ಆಡುತ್ತಾರೆ, ಕೌನ್ಸಿಲ್‌ನವರೇ ನಡೆಸುವ ಗಾಲ್ಫ್ ಕೋರ್ಸ್‌ಗಳೂ, ಅಂದ್ರೆ ಮೈದಾನಗಳೂ, ಇವೆ. ಅದಕ್ಕೇ ಹೇಳೋದು, ಆಟ ಕಲಿಯದಿದ್ದರೂ ಪರವಾಗಿಲ್ಲ, ಇಲ್ಲಿನ ಗಾಲ್ಫ್ ಆಟಗಾರ ಕಾಲಿನ್ ಮಾಂಟ್‌ಗೊಮರಿ ಕಥೆ ಗೊತ್ತಿರಲಿ. ಇಲ್ಲಿ ಎಲ್ಲರಿಗೂ ಅವರು ಮಾಂಟಿ.

ಹುಟ್ಟಿದ್ದು 1963ರಲ್ಲಿ, ಗ್ಲಾಸ್ಗೋದಲ್ಲಿ. ಯುರೋಪಿನ ವೃತ್ತಿಪರ ಪಂದ್ಯಾವಳಿಗಳ ಸರಣಿ ಯುರೋಪಿಯನ್ ಟೂರ್‌ನಲ್ಲಿ 31 ಗೆಲುವು. 1993ರಿಂದ 1999ರವರೆಗೆ ಸತತ ಏಳು ವರ್ಷ ಅಲ್ಲಿನ ಆರ್ಡರ್ ಆಫ್ ಮೆರಿಟ್‌ನಲ್ಲಿ (ವರ್ಷದ ಬಹುಮಾನದ ಹಣ ನೋಡಿ ಮಾಡುವ ಪಟ್ಟಿ) ಇವರೇ ಮೊದಲು. ಮುಗೀತು ಅಂತ ಜನ ಅಂದುಕೊಂಡಿದ್ದಾಗ, 2005ರಲ್ಲಿ, 42ರ ವಯಸ್ಸಿನಲ್ಲಿ ಎಂಟನೇ ಸಲ.

ಆದರೆ ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಪಂದ್ಯಾವಳಿಗಳಾದ ಮೇಜರ್‌ಗಳಲ್ಲಿ ಒಂದೂ ಸಿಗಲಿಲ್ಲ. ಐದು ಸಲ ಎರಡನೇ ಸ್ಥಾನ. ಆ ಮೇಜರ್‌ಗಳಲ್ಲಿ ಒಂದಾದ ಯು.ಎಸ್. ಓಪನ್‌ನ 2006ರ ಪಂದ್ಯ ನೆನಪು ಮಾಡಿದರೆ ಇಲ್ಲಿಯವರು ಇವತ್ತಿಗೂ ತಲೆ ಹಿಡಿದುಕೊಳ್ಳುತ್ತಾರೆ. ಅಮೆರಿಕದ ವಿಂಗ್ಡ್ ಫುಟ್ ಕೋರ್ಸ್‌ನ 18 ಹೋಲ್‌ಗಳಲ್ಲಿ 17ನೆಯದರಲ್ಲಿ ತುಂಬಾ ದೂರದಿಂದ ಪಟ್ ಹಾಕಿ, ಅಂದ್ರೆ ಚೆಂಡು ಉರುಳಿಸಿ ಕುಳಿಗೆ ಬೀಳಿಸಿ, ಮುಂಚೂಣಿಗೆ ಬಂದರು. ಕೊನೆಯ ಹೋಲ್‌ನಲ್ಲಿ ಚೆಂಡು ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ಮೇಲೆ ಚೆನ್ನಾಗಿ ಕೂತಿತ್ತು. ಜೊತೆಗಾರ ವಿಜಯ್ ಸಿಂಗ್ ಚೆಂಡು ತೊಂದರೆಗೆ ಸಿಕ್ಕಿದ್ದರಿಂದ ಸುಮ್ನೆ ನಿಂತು ಕಾಯಬೇಕಾಯಿತು, ಆ ಹೊತ್ತಿನಲ್ಲಿ ಮನಸ್ಸು ಬದಲಾಗಿ ಸಿಕ್ಸ್ ಐರನ್ ಕೋಲು ಬಿಟ್ಟು, ಚೆಂಡು ಕಡಿಮೆ ದೂರ ಹೋಗುವ ಸೆವೆನ್ ಐರನ್ ಎತ್ತಿಕೊಂಡರು. ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮುಟ್ಟದೆ ಬಲಗಡೆ ಉದ್ದ ಹುಲ್ಲಿಗೆ ಬಿತ್ತು. ಆಮೇಲೆ ಮೂರು ಪಟ್, ಡಬಲ್ ಬೋಗಿ, ಅಂದ್ರೆ ಆ ಹೋಲ್‌ಗೆ ನಿಗದಿಯಾದದ್ದಕ್ಕಿಂತ ಎರಡು ಹೊಡೆತ ಜಾಸ್ತಿ. ಆಸ್ಟ್ರೇಲಿಯಾದ ಜೆಫ್ ಓಗಿಲ್ವಿ ಒಂದೇ ಒಂದು ಹೊಡೆತದ ಅಂತರದಿಂದ ಗೆದ್ದುಬಿಟ್ಟರು.

ಹಾಗಾದ್ರೆ ಇಷ್ಟೊಂದು ಪ್ರೀತಿ ಯಾಕೆ? ನನ್ನ ಪ್ರಕಾರ ಯುರೋಪ್ ಮತ್ತು ಅಮೆರಿಕ ತಂಡಗಳ ನಡುವಿನ ರೈಡರ್ ಕಪ್ ಕಾರಣ. ಎಂಟು ರೈಡರ್ ಕಪ್ ಆಡಿ ಸಿಂಗಲ್ಸ್‌ನಲ್ಲಿ (ಒಬ್ಬರ ಎದುರು ಒಬ್ಬರು) ಒಮ್ಮೆಯೂ ಸೋತಿಲ್ಲ. ಅಮೆರಿಕದಲ್ಲಿ ಪ್ರೇಕ್ಷಕರು ಎಷ್ಟು ಕೆಣಕಿದರೂ, ತಂಡಕ್ಕೆ ಬೇಕಾದಾಗ ಬಿಟ್ಟುಕೊಡಲಿಲ್ಲ. 2010ರಲ್ಲಿ ವೇಲ್ಸ್‌ನ ಸೆಲ್ಟಿಕ್ ಮ್ಯಾನರ್‌ನಲ್ಲಿ ನಾಯಕರಾಗಿ ಕಪ್ ಗೆದ್ದುಕೊಟ್ಟರು. ಕೋಪ ಜಾಸ್ತಿ, ಮುಖದಲ್ಲೇ ಎಲ್ಲ ಕಾಣುತ್ತಿತ್ತು, ಅದೂ ಜನರಿಗೆ ಹಿಡಿಸಿತು. 50 ದಾಟಿದ ಮೇಲೆ ಸೀನಿಯರ್ ಮೇಜರ್‌ಗಳನ್ನು ಗೆದ್ದರು. 2016ರಲ್ಲಿ ಅರ್ಹತಾ ಸುತ್ತು ಆಡಿ ಬ್ರಿಟನ್ನಿನ ಮೇಜರ್ ಆದ ಓಪನ್‌ಗೆ ಬಂದರು, ಅದೂ ಅಪ್ಪ ಸೆಕ್ರೆಟರಿ ಆಗಿದ್ದ ರಾಯಲ್ ಟ್ರೂನ್ ಕ್ಲಬ್‌ನಲ್ಲೇ. ಬೆಳಗಿನ ಮೊದಲ ಚೆಂಡು ಹೊಡೆಯುವ ಗೌರವ ಅವರಿಗೇ ಸಿಕ್ಕಿತು. ಮನೆಯಂಗಳದಲ್ಲಿ ಅಂಥ ಸ್ವಾಗತ ಎಷ್ಟು ಜನರಿಗೆ ಸಿಗುತ್ತೆ, ಅಲ್ವಾ?

ಮಾತಾಡುವಾಗ ಒಂದು ಗಮನಿಸಿ. 'ಬ್ರಿಟಿಷ್ ಓಪನ್' ಅನ್ನಬೇಡಿ, ಇಲ್ಲಿ ಅದು ಬರೀ 'ದಿ ಓಪನ್'. ಮಾಂಟಿ ಮೇಜರ್ ಗೆಲ್ಲಲಿಲ್ಲ ಅಂತ ನೀವಾಗಿಯೇ ಎತ್ತಬೇಡಿ, ಇಲ್ಲಿಯವರೇ ಹೇಳುತ್ತಾರೆ, ಕೇಳಿಸಿಕೊಳ್ಳಿ. ಯಾವುದಾದರೂ ಪಂದ್ಯ ನೋಡಲು ಹೋದರೆ ಫೋನ್ ಸೈಲೆಂಟ್‌ನಲ್ಲಿರಲಿ, ಆಟಗಾರ ಹೊಡೆಯಲು ನಿಂತಾಗ ಅಲ್ಲಾಡಬೇಡಿ. ಬಿಸಿಲಿದ್ದರೂ ಮಳೆ ಜಾಕೆಟ್ ಬೇಕೇ ಬೇಕು.

ಪಂದ್ಯಕ್ಕೆ ದುಡ್ಡು ಹಾಕೋದು ಬೇಡ ಅನಿಸಿದರೆ ಸೇಂಟ್ ಆಂಡ್ರ್ಯೂಸ್‌ಗೆ ಭಾನುವಾರ ಹೋಗಿ. ಲ್ಯೂಕರ್ಸ್‌ವರೆಗೆ ರೈಲು, ಅಲ್ಲಿಂದ ಬಸ್. ಅಲ್ಲಿನ ಹಳೆಯ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆ ದಿನ ಆಟ ಇರಲ್ಲ, ಊರವರು ಮಕ್ಕಳು ನಾಯಿಗಳ ಜೊತೆ ಓಡಾಡುತ್ತಾರೆ, ನೀವೂ ಓಡಾಡಬಹುದು. 2005ರ ಓಪನ್‌ನಲ್ಲಿ ಮಾಂಟಿ ಟೈಗರ್ ವುಡ್ಸ್ ಹಿಂದೆ ಎರಡನೆಯವರಾಗಿದ್ದು ಇಲ್ಲೇ, ಅದೇ ವರ್ಷ ಡನ್‌ಹಿಲ್ ಲಿಂಕ್ಸ್ ಪಂದ್ಯಾವಳಿ ಗೆದ್ದಿದ್ದೂ ಇಲ್ಲೇ. ಗ್ರೀನ್ ಮೇಲೆ, ಬಂಕರ್ (ಮರಳಿನ ಗುಂಡಿ) ಒಳಗೆ ಮಾತ್ರ ಕಾಲಿಡಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ.